ಗಣಕದ ಹಿನ್ನೆಲೆ ಸೇವೆಗಳು ಮತ್ತು ಲಾಗ್ ದಾಖಲೆ

ದೆಹಲಿಯ ವಸಂತ್ ಕುಂಜ್ ಸಮೀಪದ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ದೇಶದ ನಾನಾ ವಿಶ್ವವಿದ್ಯಾಲಯಗಳ ಸಂಶೋಧಕರು ಪ್ರಯೋಗ ನಡೆಸುತ್ತಾರೆ. ಅಲ್ಲಿ ಮಾಹಿತಿ ಸಂಗ್ರಹಕ್ಕೆಂದು ರೂಪಿಸಲಾದ ‘ಕ್ಯಾಂಡಲ್’ ತಂತ್ರಾಂಶಕ್ಕೆ ಲಿನಕ್ಸ್ ಗಣಕಜಾಲವೇ ಆಧಾರ. ಹಗಲಿರುಳು ದುಡಿಯುವ ಇಂತಹ ಯಾವುದೇ ಗಣಕದಲ್ಲಿ ನಡುರಾತ್ರಿ ಸೇವೆಯೊಂದು ನಿಂತುಹೋದರೆ, ಅದರ ಕಾರಣವನ್ನು ಮರುದಿನ ತಿಳಿಸಬಲ್ಲದ್ದು ಲಾಗ್ ದಾಖಲೆ ಮಾತ್ರ.

ಬಳಕೆದಾರನ ಕಣ್ಣಿಗೆ ಬೀಳದೆ ಸತತವಾಗಿ ನಡೆಯುವ ಕಾರ್ಯಕ್ರಮವನ್ನು ಹಿನ್ನೆಲೆ ಸೇವೆ ಎನ್ನುತ್ತಾರೆ. ಗಣಕ ಚಾಲನೆಗೊಂಡಾಗ ಈ ಸೇವೆಗಳನ್ನು ಆರಂಭಿಸುವ ವ್ಯವಸ್ಥೆಯೇ ‘ಇನಿಟ್’. ದಾಖಲೆ ಬರೆಯುವ ಕ್ರಮವು ಈ ವ್ಯವಸ್ಥೆಯನ್ನು ಅನುಸರಿಸಿ ಬದಲಾಗುತ್ತದೆ.

ಹಳೆಯ ಪದ್ಧತಿ: ಸಿಸ್ಟಂ-ಫೈವ್ ಇನಿಟ್‌ನಲ್ಲಿ ಸೇವೆಯು ತಾನೇ ಪರದೆಯ ಸಂಪರ್ಕ ಕಡಿದುಕೊಂಡು ಹಿನ್ನೆಲೆಗೆ ಸರಿಯುತ್ತದೆ. ಆ ಬಳಿಕ ಪರದೆಗೆಂದು ಬರೆದ ಮಾತು ಸಾಮಾನ್ಯವಾಗಿ ಎಲ್ಲಿಯೂ ಉಳಿಯದು. ಆದ್ದರಿಂದ ಸೇವೆಯು ‘ಸಿಸ್‌ಲಾಗ್’ಗೆ ಸಂದೇಶ ಕಳುಹಿಸಬೇಕು, ಇಲ್ಲವೇ ಸ್ವಂತ ಕಡತದಲ್ಲಿ ಬರೆಯಬೇಕು. ಹಳೆಯ ಕಡತವನ್ನು ಬದಿಗಿರಿಸಿದಾಗ ಹೊಸದನ್ನು ತೆರೆಯುವ ಹೊಣೆಯೂ ಅದರದೇ.

ಹೊಸ ಪದ್ಧತಿ: 2010ರಲ್ಲಿ ಬಂದ ‘ಸಿಸ್ಟಂ-ಡಿ’ಯಲ್ಲಿ ಸೇವೆಯು ಹಿನ್ನೆಲೆಗೆ ಸರಿಯಬೇಕಾಗಿಲ್ಲ. ತನ್ನ ಸಾಮಾನ್ಯ ಹಾಗೂ ದೋಷ ನಿರ್ಗಮದ್ವಾರಗಳಲ್ಲಿ ಸಾಲುಸಾಲಾಗಿ ಬರೆದರೆ ಸಾಕು. ‘ಜರ್ನಲ್-ಡಿ’ ಅದನ್ನು ಸಂಗ್ರಹಿಸಿ, ಸಮಯ ಮತ್ತು ಸೇವೆಯ ಹೆಸರನ್ನು ಸೇರಿಸುತ್ತದೆ. ‘ರನಿಟ್’ನಲ್ಲಿಯೂ ಸೇವೆ ಮುನ್ನೆಲೆಯಲ್ಲೇ ನಿಂತು ಬರೆಯುತ್ತದೆ, ಜೊತೆಗಿರುವ ಪ್ರತ್ಯೇಕ ಲಾಗ್ ಕಾರ್ಯಕ್ರಮ ಅದನ್ನು ಶೇಖರಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಜರ್ನಲ್‌ನ ಮೂಲ ವಿನ್ಯಾಸದಲ್ಲಿ, ಡಿಸ್ಕಿನಲ್ಲಿ ಅದಕ್ಕೆ ನಿಗದಿಯಾದ ಕೋಶವಿಲ್ಲದಿದ್ದರೆ ದಾಖಲೆಯು ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇರುತ್ತದೆ. ಗಣಕವನ್ನು ಮರುಚಾಲನೆ ಮಾಡಿದೊಡನೆ ಅಳಿಸಿಹೋಗುತ್ತದೆ. ಶಾಶ್ವತ ಸಂಗ್ರಹವನ್ನು ಮೊದಲೇ ಏರ್ಪಡಿಸಿಕೊಳ್ಳಬೇಕು.

ಎರಡೂ ಬಗೆಯ ವ್ಯವಸ್ಥೆಗಳಲ್ಲಿ ನಡೆಯಬೇಕಾದ ಸೇವೆಯು ಮುನ್ನೆಲೆಯಲ್ಲಿ ನಿಂತು ದೋಷದ್ವಾರಕ್ಕೆ ಬರೆಯುವುದನ್ನೇ ಸಹಜ ಕ್ರಮವಾಗಿಟ್ಟುಕೊಂಡು, ಹಿನ್ನೆಲೆ ಮತ್ತು ಸಿಸ್‌ಲಾಗ್ ಬಳಕೆಯನ್ನು ಆಯ್ಕೆಯಾಗಿ ಒದಗಿಸುವುದು ಉತ್ತಮ. ದಾಖಲೆ ಎಲ್ಲಿ, ಎಷ್ಟು ಕಾಲ ಉಳಿಯಬೇಕೆಂಬುದನ್ನು ಗಣಕದ ನಿರ್ವಾಹಕರು ನಿರ್ಧರಿಸಲಿ. ಗುಪ್ತಪದಗಳನ್ನು ಮಾತ್ರ ಎಂದಿಗೂ ಲಾಗ್‌ನಲ್ಲಿ ಬರೆಯಬಾರದು.

ಇದು ಕೇವಲ ಅನುಕೂಲದ ಮಾತಲ್ಲ. ‘ಸರ್ಟ್-ಇನ್’ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವಾದಾತರು, ದತ್ತಾಂಶ ಕೇಂದ್ರಗಳು, ಕಂಪನಿಗಳು ಹಾಗೂ ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಕಾಪಾಡಬೇಕು. ಅಪರಾಧ ನಡೆದ ಮೇಲೆ ದಾಖಲೆಯನ್ನು ಹುಡುಕುವುದಕ್ಕಿಂತ ಅದು ಉಳಿಯುವಂತೆ ಮೊದಲೇ ನೋಡಿಕೊಳ್ಳುವುದು ಲೇಸು.