ಒಂದೇ ಹೆಸರಿನ ಎರಡು ಫೋಲ್ಡರ್: ಅಳಿಸುವ ಮುನ್ನ ಲೆಕ್ಕ ಹಾಕಿ

ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಲ್ಯಾಬಿಗೆ ಬಂದು, "ಸರ್, ನನ್ನ ಬಯಾಲಜಿ ಫೋಲ್ಡರ್ ಎರಡಾಗಿದೆ. ಒಂದನ್ನು ಡಿಲೀಟ್ ಮಾಡಲಾ?" ಎಂದು ಕೇಳಿದಳು. ಮನೆಯ ಲ್ಯಾಪ್‌ಟಾಪ್‌ಗೆ ಕೆಲವು ದಿನ ಇಂಟರ್ನೆಟ್ ಇರಲಿಲ್ಲ. ಆಗ ಮೊಬೈಲ್‌ನಲ್ಲೂ ನೋಟ್ಸ್ ಸೇರಿಸಿದ್ದಳು. ಮತ್ತೆ ಲಾಗಿನ್ ಆದಾಗ 'ಬಯಾಲಜಿ', 'ಬಯಾಲಜಿ (1)' ಎರಡೂ ಕಾಣಿಸಿದವು. ಒಂದರಲ್ಲಿ 41 ಫೈಲ್, ಇನ್ನೊಂದರಲ್ಲಿ 38. ಕಡಿಮೆ ಇರುವುದನ್ನು ಅಳಿಸಿದರಾಯಿತು ಎಂಬುದು ಅವಳ ಎಣಿಕೆ. ಹೋಲಿಸಿ ನೋಡಿದರೆ, ಆ 38ರಲ್ಲಿ 6 ಫೈಲ್‌ಗಳು ಮೊದಲನೆಯದರಲ್ಲಿ ಇರಲೇ ಇಲ್ಲ!

ಹೀಗೇಕೆ ಆಗುತ್ತದೆ? ಗೂಗಲ್ ಡ್ರೈವ್‌ನಂಥ ಸೇವೆಯಲ್ಲಿ ಪ್ರತಿ ಫೋಲ್ಡರ್‌ಗೂ ಒಳಗಿನ ಗುರುತಿನ ಸಂಖ್ಯೆಯೊಂದಿರುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಬಹುದು. ವಿಂಡೋಸ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಅದಕ್ಕೇ ಎರಡನೆಯದಕ್ಕೆ (1) ಸೇರಿಕೊಳ್ಳುತ್ತದೆ.

ಒಂದುಗೂಡಿಸುವ ಕ್ರಮ ಹೀಗಿದೆ:

1. ಎರಡೂ ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಮೋಡದ ಚಿಹ್ನೆ ಇರುವ ಫೈಲ್ ನಿಮ್ಮ ಕಂಪ್ಯೂಟರ್‌ಗೆ ಇನ್ನೂ ಇಳಿದಿರುವುದಿಲ್ಲ. ಮೊದಲು ಡೌನ್‌ಲೋಡ್ ಮಾಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದದ್ದು ಕಂಪ್ಯೂಟರ್‌ನಲ್ಲಿ ಬರೀ ಲಿಂಕ್. ಅದನ್ನು ಪಿಡಿಎಫ್ ಅಥವಾ ವರ್ಡ್ ಫೈಲ್ ಆಗಿ ಇಳಿಸಿಕೊಳ್ಳಿ.

2. ಸಿಂಕ್ ನಿಲ್ಲಿಸಿ (ಪಾಸ್). ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿದುಹೋಗುತ್ತದೆ.

3. ಎರಡನೆಯ ಫೋಲ್ಡರ್‌ನ ಒಳಗಿರುವುದನ್ನೆಲ್ಲ ಕಾಪಿ ಮಾಡಿ, ಮೊದಲನೆಯದರೊಳಗೆ ಪೇಸ್ಟ್ ಮಾಡಿ. ಹೆಸರು ಹೊಂದುವ ಫೈಲ್ ಸಿಕ್ಕಾಗ ವಿಂಡೋಸ್ ಪ್ರಶ್ನೆ ಕೇಳುತ್ತದೆ. 'ರಿಪ್ಲೇಸ್' ಒತ್ತಬೇಡಿ. ಹೋಲಿಸುವ ಆಯ್ಕೆಗೆ ಹೋಗಿ ಎರಡಕ್ಕೂ ಟಿಕ್ ಹಾಕಿದರೆ ಎರಡೂ ಉಳಿಯುತ್ತವೆ. ಒಂದರ ಹೆಸರಿಗೆ ಸಂಖ್ಯೆ ಸೇರುತ್ತದೆ.

4. ಹಾಗೆ ಜೋಡಿಯಾಗಿ ಉಳಿದವನ್ನು ತೆರೆದು ನೋಡಿ. ದಿನಾಂಕವೊಂದನ್ನೇ ನಂಬಬೇಡಿ, ಅದು ನೀವು ಬರೆದ ದಿನವಾಗಿರದೆ ಫೈಲ್ ಇಳಿದ ದಿನವೂ ಆಗಿರಬಹುದು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಹೋಲಿಸಬಹುದು. ಒಂದು ಅಕ್ಷರ ಬದಲಾದರೂ ಆ 64 ಅಂಕಿ-ಅಕ್ಷರಗಳ ಸಾಲು ಬೇರೆಯಾಗುತ್ತದೆ.

5. ಕೊನೆಗೆ ಎಣಿಸಿ. ಪ್ರಥಮ ಪಿಯುಸಿಯ ಗಣಗಳ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಕಡೆ ಇದ್ದ ಹೆಸರುಗಳು 32. ಆದ್ದರಿಂದ 41 + 38 − 32 = 47. ಒಂದುಗೂಡಿದ ಫೋಲ್ಡರ್‌ನಲ್ಲಿ 47 ಬೇರೆ ಬೇರೆ ಹೆಸರುಗಳು ಇರಲೇಬೇಕು. ಕಡಿಮೆ ಬಂದರೆ ಏನೋ ಬಿಟ್ಟುಹೋಗಿದೆ.

ಲೆಕ್ಕ ಸರಿಬಂದ ಮೇಲೆ ಸಿಂಕ್ ಆರಂಭಿಸಿ. ಹಳೆಯ ಫೋಲ್ಡರ್ ಒಂದು ವಾರ ಹಾಗೆಯೇ ಇರಲಿ. ಅಳಿಸಿದ ನಂತರವೂ ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ ಅದು 30 ದಿನ ಇರುತ್ತದೆ. ಆಮೇಲೆ ತಾನಾಗಿ ಹೋಗುತ್ತದೆ.

ಆ 6 ಫೈಲ್‌ಗಳು ಏನೆಂದು ಕೇಳಿದಿರಾ? ಪ್ರಾಕ್ಟಿಕಲ್ ಪರೀಕ್ಷೆಗಾಗಿ ಅವಳು ಮೊಬೈಲ್‌ನಲ್ಲಿ ತೆಗೆದಿಟ್ಟಿದ್ದ ಚಿತ್ರಗಳು. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಅಭ್ಯಾಸ: ಒಂದು ಫೋಲ್ಡರ್‌ನಲ್ಲಿ 20 ಫೈಲ್, ಇನ್ನೊಂದರಲ್ಲಿ 15, ಎರಡರಲ್ಲೂ ಇರುವ ಹೆಸರು 12. ಒಂದುಗೂಡಿಸಿದಾಗ ಎಷ್ಟು ಹೆಸರುಗಳಿರಬೇಕು?