ಗಣಕಯಂತ್ರದ ಬೀಗದ ಕೈ ಯಾರಲ್ಲಿರಬೇಕು?

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರಿನ ಮಾತೇಕೆ ಎಂದು ಸದಸ್ಯರು ಕೇಳಬಹುದು. ನಮ್ಮ ಸಂಘದಲ್ಲಿ ಈಗ ತೂಕದ ಚೀಟಿ, ಸಾಲದ ಖಾತೆ, ಗೊಬ್ಬರದ ದಾಸ್ತಾನು ಎಲ್ಲವೂ ಗಣಕಯಂತ್ರಕ್ಕೆ ಏರಿವೆ. ಯಾವ ನೌಕರ ಯಾವ ಲೆಕ್ಕವನ್ನು ನೋಡಬಹುದು, ಯಾವುದನ್ನು ತಿದ್ದಬಹುದು ಎಂಬ ಪ್ರಶ್ನೆ ಕಳೆದ ಸಭೆಯಲ್ಲಿ ಎದ್ದಿತ್ತು. ಅದಕ್ಕೆ ಉತ್ತರ ಹುಡುಕುವಾಗ ನಮಗೆ ಒಳ್ಳೆಯ ಪಾಠ ಸಿಕ್ಕಿದ್ದು, ಸದಸ್ಯರೊಬ್ಬರ ಅಳಿಯಂದಿರು ಸಿಂಧನೂರಿನಲ್ಲಿ ನಡೆಸುತ್ತಿರುವ ಇಂಟರ್‌ನೆಟ್ ಸಂಪರ್ಕದ ವ್ಯವಹಾರದಲ್ಲಿ. ಮುಖ್ಯ ಕಚೇರಿ ಸಿಂಧನೂರು. ಲಿಂಗಸುಗೂರು ಮತ್ತು ಮಸ್ಕಿಗಳಲ್ಲಿ ಒಂದೊಂದು ಸಣ್ಣ ಕಚೇರಿ.

ಈ ವ್ಯವಹಾರದ ಜೀವವೆಲ್ಲ ಒಂದು ತಂತ್ರಾಂಶದಲ್ಲಿದೆ. ಗ್ರಾಹಕರ ಹೆಸರು, ವಿಳಾಸ, ಗುರುತಿನ ದಾಖಲೆ, ಆಯ್ದ ಯೋಜನೆ, ಹಣ ಕಟ್ಟಿದ ದಿನ, ಅವಧಿ ಮುಗಿಯುವ ದಿನ ಎಲ್ಲವೂ ಅದರಲ್ಲೇ. ಮನೆಯಲ್ಲಿ ಯಂತ್ರ ಚಾಲೂ ಮಾಡಿದೊಡನೆ ಅದು ತನ್ನ ಗುರುತು ಹೇಳಿ ಒಳಗೆ ಬರಲು ಅಪ್ಪಣೆ ಕೇಳುತ್ತದೆ. ಅವಧಿ ಉಳಿದಿದ್ದರೆ ತಂತ್ರಾಂಶ ಬಾಗಿಲು ತೆರೆಯುತ್ತದೆ, ಇಲ್ಲವಾದರೆ ಇಲ್ಲ. ಆದಕಾರಣ ಅವಧಿಯ ತಾರೀಖನ್ನು ತಿದ್ದಬಲ್ಲವನು ಹಣದ ಪೆಟ್ಟಿಗೆಗೇ ಕೈಹಾಕಬಲ್ಲವನೆಂದು ತಿಳಿಯಬೇಕು.

ಮೊದಲು ಅಲ್ಲಿ ಮೂರು ಕಚೇರಿಗೂ ಒಂದೇ ಹೆಸರು, ಒಂದೇ ಗುಪ್ತಪದ. ಹೆಸರು ‘ಆಫೀಸ್’. ವರ್ಷದ ಲೆಕ್ಕ ತಾಳೆ ನೋಡುವಾಗ ಕೆಲವು ಗ್ರಾಹಕರ ಅವಧಿ ರಶೀದಿಯೇ ಇಲ್ಲದೆ ಮುಂದೆ ಹೋಗಿದ್ದುದು ಕಂಡಿತು. ಯಾರು ಮಾಡಿದ್ದೆಂದು ತಂತ್ರಾಂಶವನ್ನು ಕೇಳಿದರೆ ಅದು ಪ್ರಾಮಾಣಿಕವಾಗಿಯೇ ಉತ್ತರಿಸಿತು: ಆಫೀಸ್ ಮಾಡಿದ್ದು! ಗುಪ್ತಪದ ಬಲ್ಲವರು ಐದು ಮಂದಿ. ಅನುಮಾನ ಮಾತ್ರ ಮನೆಮನೆಗೆ ಹೋಗಿ ವಸೂಲಿ ಮಾಡುತ್ತಿದ್ದ ಮಸ್ಕಿಯ ಹುಡುಗನ ಮೇಲೆ ಬಿತ್ತು. ಎಲ್ಲರಿಗಿಂತ ಕಿರಿಯ, ಎಲ್ಲರಿಗಿಂತ ಕಡಿಮೆ ಸಂಬಳದವನು. ಅವನು ಕೆಲಸ ಬಿಟ್ಟು ಹೋದ. ತಪ್ಪು ಅವನದೋ ಅಲ್ಲವೋ ಇಂದಿಗೂ ಯಾರಿಗೂ ತಿಳಿಯದು. ತಿಳಿಯುವ ದಾರಿಯೇ ಇರಲಿಲ್ಲ. ಬೇರೆ ಬೇರೆ ಹೆಸರಿನ ವ್ಯವಸ್ಥೆ ಕಳ್ಳನನ್ನು ಹಿಡಿಯುವುದಕ್ಕೆಂದು ಅನೇಕರು ಭಾವಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಮುಖ್ಯವಾಗಿ ನಿಷ್ಠಾವಂತನನ್ನು ಕಾಪಾಡುವುದಕ್ಕೆ.

ಮಸ್ಕಿಯ ಮಾತು ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ಅಶೋಕನ ಶಾಸನಗಳಲ್ಲಿ ಹೆಚ್ಚಿನವು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳನ್ನಷ್ಟೇ ಹೇಳುತ್ತವೆ. ಆ ಬಿರುದಿನ ಅರಸ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ನಿರ್ಣಯಿಸಿದ್ದರು. ಬಿರುದಿನ ಜೊತೆಗೆ ಅಶೋಕನೆಂಬ ಹೆಸರೇ ಕಾಣಿಸಿದ್ದು 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು ಮಸ್ಕಿಯ ಬಂಡೆಯ ಮೇಲೆ ಶಾಸನವನ್ನು ಪತ್ತೆಮಾಡಿದಾಗ. ಬಿರುದು ಬೇರೆ, ಹೆಸರು ಬೇರೆ. ‘ಆಫೀಸ್’, ‘ಕ್ಯಾಷಿಯರ್’, ‘ಅಡ್ಮಿನ್’ ಎಂಬುವೆಲ್ಲ ಬಿರುದುಗಳು. ಲೆಕ್ಕದಲ್ಲಿ ಇರಬೇಕಾದ್ದು ಮನುಷ್ಯನ ಹೆಸರು.

ಈಗ ಅಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಹೆಸರಿನ ಪ್ರವೇಶವಿದೆ, ಆ ಹೆಸರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಇದು ನಮಗೇನೂ ಹೊಸದಲ್ಲ. ತೋಟದಲ್ಲಿ ಮೇಸ್ತ್ರಿ ಆಳುಗಳನ್ನು ಎಣಿಸುತ್ತಾನೆ, ರೈಟರು ಹಾಜರಿ ಬರೆಯುತ್ತಾನೆ, ಬಟವಾಡೆ ಮಾತ್ರ ಯಜಮಾನರ ಕೈಯಿಂದ. ಅಡಿಕೆ ತೂಗುವವನೇ ದರ ಬರೆದು ಹಣವನ್ನೂ ಎಣಿಸಿ ಕೊಟ್ಟರೆ ಅವನು ಎಂಥ ಸತ್ಯವಂತನಾದರೂ ನಾವು ಒಪ್ಪುವುದಿಲ್ಲ. ಹಾಗೆಯೇ ಅಲ್ಲಿ ದೂರು ಕೇಳುವ ಹುಡುಗಿಗೆ ಗ್ರಾಹಕನ ವಿಳಾಸ ಮತ್ತು ಸಂಪರ್ಕದ ಸ್ಥಿತಿ ಕಾಣುತ್ತದೆ, ಹಣದ ಪುಟ ಕಾಣುವುದಿಲ್ಲ. ಲೈನ್ ರಿಪೇರಿ ಮಾಡುವವನ ಮೊಬೈಲಿಗೆ ಅವನಿಗೆ ವಹಿಸಿದ ದೂರುಗಳು ಮಾತ್ರ ಬರುತ್ತವೆ. ಕೆಟ್ಟ ಯಂತ್ರ ಬದಲಿಸಿದಾಗ ಹೊಸದರ ಸಂಖ್ಯೆಯನ್ನು ಅವನೇ ಸೇರಿಸಬಹುದು, ಯೋಜನೆಯನ್ನು ಬದಲಿಸಲಾಗದು. ವಸೂಲಿಯವನು ರಶೀದಿ ಹಾಕಬಹುದು. ಹಾಕಿದೊಡನೆ ಅವಧಿ ತಾನಾಗಿಯೇ ಮುಂದೆ ಹೋಗುತ್ತದೆ. ಆದರೆ ಹಾಕಿದ ರಶೀದಿಯನ್ನು ರದ್ದುಮಾಡಲು ಅವನಿಗೆ ಬರುವುದಿಲ್ಲ. ರದ್ದತಿ, ರಿಯಾಯಿತಿ, ಹಣ ವಾಪಸು ಇವನ್ನು ಲೆಕ್ಕದವರು ಕಾರಣ ಬರೆದು ಕೋರಬೇಕು, ವ್ಯವಸ್ಥಾಪಕರು ಒಪ್ಪಬೇಕು. ಕೋರಿದವನೇ ಒಪ್ಪುವಂತಿಲ್ಲ.

ಎರಡು ಅಧಿಕಾರಗಳನ್ನು ವಿಶೇಷವಾಗಿ ಬಿಗಿ ಹಿಡಿಯತಕ್ಕದ್ದು. ಒಂದು, ಇಡೀ ಗ್ರಾಹಕರ ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳುವ ಗುಂಡಿ. ಒಬ್ಬೊಬ್ಬರನ್ನೇ ನೋಡುವುದು ಬೇರೆ. ಸಾವಿರಾರು ಜನರ ಫೋನು, ವಿಳಾಸಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಎದುರಾಳಿಗೆ ಮಾರುವುದು ಬೇರೆ. ಇನ್ನೊಂದು, ಯಾವ ಗ್ರಾಹಕ ಯಾವ ಹೊತ್ತು ಸಂಪರ್ಕದಲ್ಲಿದ್ದ ಎಂಬ ದಾಖಲೆ. ಮನೆಯಲ್ಲಿ ಜನ ಯಾವಾಗ ಇರುತ್ತಾರೆ, ಯಾವಾಗ ಇರುವುದಿಲ್ಲ ಎಂಬುದನ್ನೂ ಅದರಿಂದ ಊಹಿಸಬಹುದಾದ್ದರಿಂದ ಕುತೂಹಲಕ್ಕೆ ನೋಡುವ ವಸ್ತು ಅದಲ್ಲ.

ಕೆಲಸದಂತೆ ಊರಿಗೂ ಗಡಿ ಹಾಕಬೇಕು. ಲಿಂಗಸುಗೂರಿನವರಿಗೆ ಲಿಂಗಸುಗೂರಿನ ಗ್ರಾಹಕರು, ಮಸ್ಕಿಯವರಿಗೆ ಮಸ್ಕಿಯವರು. ಹಿಂದೆ ಲಿಂಗಸುಗೂರು ತಾಲ್ಲೂಕಿನೊಳಗಿದ್ದ ಮಸ್ಕಿ ಈಗ ತಾನೇ ತಾಲ್ಲೂಕು. ಇಂಥ ಬದಲಾವಣೆಯಾದಾಗ ತಂತ್ರಾಂಶದಲ್ಲಿ ಹೊಸ ವಿಭಾಗ ತೆರೆಯುವುದನ್ನು ಯಾರೂ ಮರೆಯುವುದಿಲ್ಲ. ಹಳೆಯ ಕಚೇರಿಯವರ ಅಧಿಕಾರವನ್ನು ಅಲ್ಲಿಂದ ತೆಗೆಯುವುದನ್ನು ಎಲ್ಲರೂ ಮರೆಯುತ್ತಾರೆ.

ಈ ವಿಷಯದಲ್ಲಿ ನಮ್ಮ ರಾಜ್ಯವೇ ಒಂದು ಮೇಲ್ಪಂಕ್ತಿ ಹಾಕಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ನೌಕರರು ಒಳಹೋಗಲು ಗುಪ್ತಪದವೊಂದನ್ನೇ ನೆಚ್ಚದೆ ಬೆರಳಚ್ಚನ್ನು ಬಳಸಲಾಯಿತು. ಗುಪ್ತಪದವನ್ನು ಹೇಳಿಕೊಡಬಹುದು, ಬೆರಳನ್ನು ಕೊಡಲಾಗದು. ‘ಖಾತೆ ಬದಲಿಸಿದ್ದು ನಾನಲ್ಲ’ ಎನ್ನಲು ಆಸ್ಪದವಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆಯೂ ತಂತ್ರಾಂಶವೇ ಕಟ್ಟುಮಾಡಿತು. ಸಣ್ಣ ಸಂಸ್ಥೆಗೆ ಬೆರಳಚ್ಚಿನ ಯಂತ್ರ ದುಬಾರಿಯೆನಿಸಿದರೆ, ಗುಪ್ತಪದದ ಜೊತೆಗೆ ನೌಕರನ ಸ್ವಂತ ಮೊಬೈಲಿಗೆ ಬರುವ ಒಂದು ಸಲದ ಸಂಖ್ಯೆಯಾದರೂ ಇರಲಿ.

ಕೆಲಸ ಬಿಟ್ಟವರ ವಿಷಯ. ಕೊನೆಯ ದಿನದ ಸಂಜೆಯೇ, ಸಂಬಳ ಚುಕ್ತಾ ಮಾಡುವ ಹೊತ್ತಿಗೇ, ಅವರ ಪ್ರವೇಶವನ್ನು ನಿಲ್ಲಿಸಬೇಕು. ನಿಲ್ಲಿಸಬೇಕೇ ಹೊರತು ಅಳಿಸಬಾರದು. ಅಳಿಸಿದರೆ ಅವರು ಹಿಂದೆ ಮಾಡಿದ ನಮೂದುಗಳಿಗೆ ಕರ್ತೃವೇ ಇಲ್ಲದಂತಾಗಬಹುದು. ರಜೆಯ ಮೇಲೆ ಹೋದವರ ಕೆಲಸ ನೋಡಿಕೊಳ್ಳುವವರಿಗೆ ತಾರೀಖು ನಿಗದಿಮಾಡಿದ ತಾತ್ಕಾಲಿಕ ಅಧಿಕಾರ ಕೊಡಿ, ಹೋದವರ ಗುಪ್ತಪದವನ್ನಲ್ಲ. ತಂತ್ರಾಂಶ ಕೊಟ್ಟ ಕಂಪನಿಯವರು ಮೊದಲ ದಿನ ಇಟ್ಟುಹೋದ ‘ಅಡ್ಮಿನ್’ ಗುಪ್ತಪದವನ್ನು ಅಂದೇ ಬದಲಿಸಿ, ಚೀಟಿಯಲ್ಲಿ ಬರೆದು ಅರಗಿನ ಮುದ್ರೆ ಹಾಕಿ ತಿಜೋರಿಯಲ್ಲಿಡಿ. ಯಜಮಾನರೂ ದಿನನಿತ್ಯಕ್ಕೆ ಕಡಿಮೆ ಅಧಿಕಾರದ ಹೆಸರನ್ನೇ ಬಳಸುವುದು ಲೇಸು. ಈ ಮಾತು ಹೇಳಿದಾಗ ಸಿಂಧನೂರಿನವರು ನಕ್ಕರು. ನಮ್ಮ ಅಧ್ಯಕ್ಷರೂ ನಗಬಹುದು.

ಕಾನೂನೂ ಇದನ್ನೇ ಕೇಳುತ್ತದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಂತೆ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಇಟ್ಟಿರಬೇಕು, ಅದರಲ್ಲಿ ಹೆಸರಿಸಿದ ಬಗೆಯ ದಾಳಿ, ಸೋರಿಕೆಗಳನ್ನು ಗೊತ್ತಾದ 6 ಗಂಟೆಯೊಳಗೆ ವರದಿಮಾಡಬೇಕು. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ರಕ್ಷಣೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೂ ದಂಡವಿದೆ. ‘ಆಫೀಸ್’ ಮಾಡಿತು ಎಂಬ ಉತ್ತರ ಅಲ್ಲಿ ನಡೆಯದು.

ನಮ್ಮ ಸಂಘದಲ್ಲಿ ಮುಂದಿನ ತಿಂಗಳ ಮೊದಲ ದಿನದಿಂದ ಪ್ರತಿ ನೌಕರರಿಗೂ ಪ್ರತ್ಯೇಕ ಪ್ರವೇಶವಿರುತ್ತದೆ. ಯಾರಿಗೆ ಯಾವ ಅಧಿಕಾರವೆಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಮುಂದಿಡುತ್ತೇವೆ. ತೂಕದ ಚೀಟಿಯ ಕೆಳಗೆ ಅದನ್ನು ನಮೂದಿಸಿದ ನೌಕರರ ಹೆಸರು ಅಚ್ಚಾಗಿ ಬರುತ್ತದೆ. ಹೆಸರಿಲ್ಲದ ಚೀಟಿ ಕೈಗೆ ಬಂದರೆ ಸದಸ್ಯರು ಅದನ್ನು ಸ್ವೀಕರಿಸದೆ ಕಚೇರಿಗೆ ಹಿಂದಿರುಗಿಸಬೇಕು.