ಭ್ರೂಣ ವರ್ಗಾವಣೆ: ಯಾವ ತಳಿಯ ಹಸು ಹೆಚ್ಚು ಭ್ರೂಣ ಕೊಡುತ್ತದೆ?

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ನಮ್ಮ ಸಂಘಗಳಲ್ಲಿ ಹಸು ಕೊಳ್ಳಲು ಸಾಲ ಪಡೆದವರು ಬಹಳ ಮಂದಿ. ಡೇರಿಗೆ ಹಾಲು ಹಾಕಿ ಕಂತು ಕಟ್ಟುವವರಿಗೆ ಒಳ್ಳೆಯ ತಳಿಯ ಹೆಣ್ಣು ಕರು ಹುಟ್ಟಲಿ ಎಂಬ ಆಸೆ ಸಹಜ. ಕೃತಕ ಗರ್ಭಧಾರಣೆ ನಮಗೆಲ್ಲ ಗೊತ್ತು. ಈಗ ‘ಭ್ರೂಣ ವರ್ಗಾವಣೆ’, ‘ಐವಿಎಫ್ ಕರು’ ಎಂಬ ಮಾತೂ ಕಿವಿಗೆ ಬೀಳುತ್ತಿದೆ. “ಗಿರ್ ಹಸು ಜಾಸ್ತಿ ಭ್ರೂಣ ಕೊಡುತ್ತಂತೆ, ಹಾಗಾದ್ರೆ ಅದನ್ನೇ ತರೋಣವಾ?” ಎಂದು ಕೇಳುವವರಿದ್ದಾರೆ. ಸಾಲದ ಅರ್ಜಿ ಬರೆಯುವ ಮೊದಲು ವಿಷಯ ಸರಿಯಾಗಿ ತಿಳಿದುಕೊಳ್ಳೋಣ.

ಭ್ರೂಣ ವರ್ಗಾವಣೆ ಅಂದರೇನು?

ಹಸು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಕರು ಹಾಕುತ್ತದೆ. ತುಂಬಾ ಹಾಲು ಕೊಡುವ ಹಸುವಾದರೂ ಅಷ್ಟೇ. ಅಂಥ ಹಸುವಿನಿಂದ ಹೆಚ್ಚು ಕರು ಪಡೆಯಲು ಅದರ ಭ್ರೂಣಗಳನ್ನು ತೆಗೆದು ಬೇರೆ ಹಸುಗಳ ಗರ್ಭಕೋಶದಲ್ಲಿ ಇಡುತ್ತಾರೆ. ಭ್ರೂಣ ಕೊಡುವ ಹಸು ‘ದಾನಿ’. ಹೊತ್ತು ಹೆರುವ ಹಸು ‘ಬಾಡಿಗೆ ತಾಯಿ’. ಕರುವಿನ ತಳಿ ಗುಣ ದಾನಿ ಹಸುವಿನಿಂದ ಮತ್ತು ಹೋರಿಯಿಂದ ಬರುತ್ತದೆ, ಬಾಡಿಗೆ ತಾಯಿಯಿಂದಲ್ಲ. ಆದ್ದರಿಂದ ನಮ್ಮ ಕೊಟ್ಟಿಗೆಯ ಮಿಶ್ರತಳಿ ಹಸುವೂ ಶುದ್ಧ ಗಿರ್ ಕರು ಹಾಕಬಹುದು.

ಭ್ರೂಣ ಪಡೆಯಲು ಎರಡು ದಾರಿಗಳಿವೆ.

1. ದಾನಿ ಹಸುವಿಗೆ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಒಂದೇ ಸಲ ಹಲವು ಅಂಡಾಣು ಬಲಿಯುವಂತೆ ಮಾಡುತ್ತಾರೆ. ಕೃತಕ ಗರ್ಭಧಾರಣೆ ಮಾಡಿ, ಸುಮಾರು 7ನೇ ದಿನ ಗರ್ಭಕೋಶ ತೊಳೆದು ಭ್ರೂಣ ಹೊರತೆಗೆಯುತ್ತಾರೆ.

2. ಅಂಡಾಶಯದಿಂದ ಸೂಜಿಯ ಮೂಲಕ ಅಂಡಾಣು ತೆಗೆದು, ಪ್ರಯೋಗಾಲಯದಲ್ಲಿ ವೀರ್ಯದೊಂದಿಗೆ ಸೇರಿಸಿ ಸುಮಾರು 7 ದಿನ ಬೆಳೆಸುತ್ತಾರೆ. ಇದೇ ಐವಿಎಫ್.

ತಳಿಯಿಂದ ತಳಿಗೆ ಎಷ್ಟು ವ್ಯತ್ಯಾಸ?

ಇದನ್ನು ದೊಡ್ಡ ಪ್ರಮಾಣದಲ್ಲಿ ಹೋಲಿಸಿ ನೋಡಿದ ದೇಶ ಬ್ರೆಜಿಲ್. ನಮ್ಮ ಗುಜರಾತಿನ ಗಿರ್ ದನಗಳನ್ನು ಹಿಂದೆಯೇ ಅಲ್ಲಿಗೆ ಒಯ್ದು ಬೆಳೆಸಿದ್ದಾರೆ. ನಾವು ಎಚ್‌ಎಫ್ ಎನ್ನುವ ಹೋಲ್‌ಸ್ಟೀನ್ ಜೊತೆ ಸೇರಿಸಿ ಮಿಶ್ರತಳಿಯನ್ನೂ ಮಾಡಿದ್ದಾರೆ. 2010ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ಐವಿಎಫ್ ವಿಧಾನದಿಂದ, ಹೆಣ್ಣು ಕರುವಿಗಾಗಿ ಬೇರ್ಪಡಿಸಿದ ವೀರ್ಯ ಬಳಸಿದಾಗ, ಒಂದು ಸಲಕ್ಕೆ ಸಿಕ್ಕ ಸರಾಸರಿ ಹೀಗಿದೆ:

ಹೋಲ್‌ಸ್ಟೀನ್: ಒಳ್ಳೆಯ ಅಂಡಾಣು ಸುಮಾರು 8, ಭ್ರೂಣ 2
ಗಿರ್: ಅಂಡಾಣು ಸುಮಾರು 12, ಭ್ರೂಣ 3
ಮುಕ್ಕಾಲು ಗಿರ್, ಕಾಲು ಹೋಲ್‌ಸ್ಟೀನ್: ಅಂಡಾಣು ಸುಮಾರು 17, ಭ್ರೂಣ 4
ಅರ್ಧ ಗಿರ್, ಅರ್ಧ ಹೋಲ್‌ಸ್ಟೀನ್: ಅಂಡಾಣು ಸುಮಾರು 24, ಭ್ರೂಣ 5ರಿಂದ 6

ಗಿರ್‌ನಂತಹ ಡುಬ್ಬವಿರುವ ತಳಿಗಳ ಅಂಡಾಶಯದಲ್ಲಿ ಅಂಡಾಣು ಇರುವ ಗುಳ್ಳೆಗಳು ಹೆಚ್ಚು. ಹೀಗಾಗಿ ಸೂಜಿಯಿಂದ ತೆಗೆಯುವಾಗ ಅಂಡಾಣು ಹೆಚ್ಚು ಸಿಗುತ್ತವೆ. ಮೊದಲನೇ ವಿಧಾನದಲ್ಲೂ ಇವುಗಳಿಗೆ ವಿದೇಶಿ ತಳಿಗಿಂತ ಕಡಿಮೆ ಹಾರ್ಮೋನ್ ಸಾಕಾಗುತ್ತದೆ.

ಆದರೆ ಇದು ಸರಾಸರಿ ಮಾತ್ರ. ಒಂದೇ ತಳಿಯಲ್ಲಿ ಒಂದು ಹಸು ಹತ್ತು ಭ್ರೂಣ ಕೊಟ್ಟರೆ ಇನ್ನೊಂದು ಒಂದನ್ನೂ ಕೊಡದಿರಬಹುದು. ತಳಿಯ ಹೆಸರು ಕೇಳಿ ಯಾರೂ ಖಾತ್ರಿ ಕೊಡಲಾರರು.

ಹೆಚ್ಚು ಭ್ರೂಣ ಅಂದರೆ ಹೆಚ್ಚು ಕರು ಅಂತಲಾ?

ಇಲ್ಲಿ ಗಮನ ಕೊಡಿ. ಅದೇ ಅಧ್ಯಯನದಲ್ಲಿ ಭ್ರೂಣ ಇಟ್ಟ 100 ಹಸುಗಳಲ್ಲಿ ಗಬ್ಬವಾದದ್ದು 36ರಿಂದ 40 ಮಾತ್ರ. ಎಲ್ಲ ತಳಿಯ ಭ್ರೂಣಕ್ಕೂ ಹೆಚ್ಚುಕಡಿಮೆ ಇಷ್ಟೇ! ಭ್ರೂಣದ ಸಂಖ್ಯೆ ದಾನಿಯ ತಳಿಯ ಮೇಲೆ ನಿಂತಿದೆ; ಗಬ್ಬ ನಿಲ್ಲುವುದರಲ್ಲಿ ಬಾಡಿಗೆ ತಾಯಿಯ ಆರೋಗ್ಯ ಮತ್ತು ಆರೈಕೆಯ ಪಾಲು ದೊಡ್ಡದು. ಈ ಆರೈಕೆ ಮಾಡುವವರು ಯಾರು? ನಾವೇ, ಹೆಂಗಸರು.

ಲೆಕ್ಕ ಹಾಕೋಣ. ಸಂಘದ 10 ಮಂದಿ ತಮ್ಮ ಹಸುಗಳಿಗೆ ಭ್ರೂಣ ಇಡಿಸಿದರೆ ಸುಮಾರು 4 ಹಸು ಗಬ್ಬವಾಗಬಹುದು. ಉಳಿದ 6 ಮನೆಗಳಲ್ಲಿ ಹಸು ಮತ್ತೆ ಬೆದೆಗೆ ಬರುವವರೆಗೆ ಕಾಯಬೇಕು. ಅಷ್ಟು ದಿನದ ಹಿಂಡಿ ಖರ್ಚು ನಮ್ಮದೇ. ಗಬ್ಬ ನಿಂತರೂ ಕರು ಹುಟ್ಟಲು 9 ತಿಂಗಳು, ಆ ಕರು ಬೆಳೆದು ಹಾಲು ಕೊಡಲು ಮತ್ತೆ ಎರಡೂವರೆ–ಮೂರು ವರ್ಷ. ಸಾಲದ ಕಂತು ಮಾತ್ರ ಮುಂದಿನ ತಿಂಗಳಿಂದಲೇ ಶುರು. ಆದ್ದರಿಂದ ಇದನ್ನೇ ನಂಬಿ ಸಾಲ ಮಾಡಬೇಡಿ. ದಿನದ ಹಾಲಿನ ಆದಾಯ ಬೇರೆ ಇರಲಿ.

ಬಾಡಿಗೆ ತಾಯಿಯಾಗಿ ಯಾವ ಹಸು ಸೂಕ್ತ?

– ಹಿಂದಿನ ಕರು ತೊಂದರೆಯಿಲ್ಲದೆ ಹಾಕಿರಬೇಕು. ಗರ್ಭಕೋಶದ ಸೋಂಕು ಇರಬಾರದು.
– 21 ದಿನಕ್ಕೊಮ್ಮೆ ಸರಿಯಾಗಿ ಬೆದೆಗೆ ಬರಬೇಕು. ಬೆದೆಯ ದಿನ ಬರೆದಿಡಿ, ಏಕೆಂದರೆ ಭ್ರೂಣ ಇಡುವುದು ಬೆದೆಯ ನಂತರ ಸುಮಾರು 7ನೇ ದಿನ.
– ಮೈಕಟ್ಟು ದೊಡ್ಡದಿರಬೇಕು. ಮಲೆನಾಡು ಗಿಡ್ಡದಂತಹ ಸಣ್ಣ ಹಸುವಿಗೆ ದೊಡ್ಡ ತಳಿಯ ಭ್ರೂಣ ಇಡಿಸಿದರೆ ಹೆರಿಗೆ ಕಷ್ಟವಾದೀತು.
– ಹಸಿ ಮೇವು, ಖನಿಜ ಮಿಶ್ರಣ, ಶುದ್ಧ ನೀರು ತಪ್ಪಬಾರದು.

ಹಣ ಕೊಡುವ ಮೊದಲು ಕೇಳಿ

ದಾನಿ ಹಸುವಿನ ಹಾಲಿನ ದಾಖಲೆ ಇದೆಯಾ? ಹಣ ಭ್ರೂಣಕ್ಕೋ, ಗಬ್ಬ ನಿಂತ ಮೇಲೋ? ಗಬ್ಬ ಪರೀಕ್ಷೆ ಯಾರು ಮಾಡುತ್ತಾರೆ? ಸರ್ಕಾರದ ಸಹಾಯಧನ ಇದೆಯಾ? ಇದನ್ನು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಒಪ್ಪಿದ ಮಾತನ್ನು ಬರಹದಲ್ಲಿ ಪಡೆಯಿರಿ.

ಪ್ರಾಣಿಗಳನ್ನು ದೇವರು ನಮ್ಮ ವಶಕ್ಕೆ ಒಪ್ಪಿಸಿದ್ದಾನೆ. ಅವನ್ನು ಅನಗತ್ಯವಾಗಿ ನರಳಿಸಬಾರದು ಎಂದು ಧರ್ಮಸಭೆ ಕಲಿಸುತ್ತದೆ. ಸಂಖ್ಯೆಯ ಆಸೆಗೆ ಹಸುವಿಗೆ ಬಿಡುವಿಲ್ಲದಂತೆ ಮಾಡುವುದು ಬೇಡ. ತರಬೇತಿ ಪಡೆದ ಪಶುವೈದ್ಯರಿಂದಲೇ ಮಾಡಿಸಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಬೆದೆಯ ದಿನ ಬರೆದಿಡುವವರು ಎಷ್ಟು ಮಂದಿ?
2. ನಮ್ಮ ಹಸುಗಳಲ್ಲಿ ಬಾಡಿಗೆ ತಾಯಿಯಾಗಲು ಯೋಗ್ಯವಾದವು ಯಾವುವು?
3. ಹತ್ತರಲ್ಲಿ ಆರು ಗಬ್ಬವಾಗದಿದ್ದರೆ ಆ ನಷ್ಟವನ್ನು ಒಬ್ಬಳೇ ಹೊರಬೇಕೇ, ಸಂಘ ಹಂಚಿಕೊಳ್ಳಬಹುದೇ?

ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಹಸುವಿನ ಕಳೆದ ಎರಡು ಬೆದೆಯ ದಿನಾಂಕ ಬರೆದುಕೊಂಡು ಬನ್ನಿ.